ಪಿಕಪ್‌ನ ಬೆಡ್ ಎತ್ತಿ ಪೆಟ್ರೋಲ್ ಟ್ಯಾಂಕಿಗೆ ಕೈಹಾಕುವುದು ಹೇಗೆ

ನಮ್ಮೂರ ಲಾರಿಗಳಲ್ಲಿ ಡೀಸೆಲ್ ಟ್ಯಾಂಕು ಚಾಸಿಯ ಪಕ್ಕದಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ತೂಗುತ್ತಿರುತ್ತದೆ. ಪಟ್ಟಿ ಸಡಿಲಿಸಿದರೆ ಕೈಗೆ ಬಂತು. ಅಮೆರಿಕದ ಪಿಕಪ್‌ಗಳ ಕಥೆ ಬೇರೆ. ಇಲ್ಲಿ ಟ್ಯಾಂಕು ಚಾಸಿಯ ಒಳಮಗ್ಗುಲಲ್ಲಿ, ಸರಕು ತುಂಬುವ ಬೆಡ್ಡಿನ ಅಡಿಯಲ್ಲಿ ಅಡಗಿ ಕೂತಿರುತ್ತದೆ. ಪೆಟ್ರೋಲ್ ಪಂಪು ಆ ಟ್ಯಾಂಕಿನ ಹೊಟ್ಟೆಯೊಳಗೆ. ಪಂಪಿನ ಮುಚ್ಚಳ ಟ್ಯಾಂಕಿನ ನೆತ್ತಿಯ ಮೇಲೆ. ನೆತ್ತಿಗೂ ಬೆಡ್ಡಿನ ತಗಡಿಗೂ ನಡುವೆ ಇರುವುದು ಅಂಗೈ ತೂರಿಸುವಷ್ಟು ಜಾಗ.

ಹಾಗಾಗಿ ಪಂಪು ಕೈಕೊಟ್ಟರೆ ದಾರಿ ಎರಡೇ. ಕೆಳಗೆ ಮಲಗಿ ಟ್ಯಾಂಕು ಇಳಿಸಬೇಕು, ಇಲ್ಲವೇ ಮೇಲಿಂದ ಬೆಡ್ ಎತ್ತಬೇಕು. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಟ್ಯಾಂಕು ಇಳಿಸಿದ್ದು ಒಂದೇ ಸಲ. ಬೆನ್ನ ಮೇಲೆ ಮಲಗಿ, ಕಣ್ಣಿಗೆ ತುಕ್ಕಿನ ಪುಡಿ ಉದುರಿಸಿಕೊಂಡು, ಕಾಣದ ಕನೆಕ್ಟರನ್ನು ಬೆರಳಲ್ಲೇ ತಡಕಿದ ಆ ಶನಿವಾರ ಇನ್ನೂ ನೆನಪಿದೆ. ಆಮೇಲೆ ಗೆಳೆಯರ ಗಾಡಿಗಳೂ ಸೇರಿ ಮೂರು ಸಲ ಬೆಡ್ ಎತ್ತಿದ್ದೇನೆ. ನಾಲ್ಕು ಜನ ಸಿಗುವುದಾದರೆ ಬೆಡ್ ಎತ್ತುವುದೇ ವಾಸಿ. ನಿಂತುಕೊಂಡು, ಬೆಳಕಲ್ಲಿ, ಎರಡೂ ಕೈ ಬಳಸಿ ಕೆಲಸ ಮಾಡಬಹುದು.

ಉದಾಹರಣೆಗೆ 2004ರಿಂದ 2008ರ ತನಕದ ಫೋರ್ಡ್ ಎಫ್-150 ಹಿಡಿದುಕೊಳ್ಳೋಣ. ನಾನಿರುವ ಅಮೆರಿಕದ ರಸ್ತೆಗಳಲ್ಲಿ ಇನ್ನೂ ಬೇಕಾದಷ್ಟು ಓಡಾಡುತ್ತಿವೆ. ಬೇರೆ ಪಿಕಪ್ ಆದರೂ ಕ್ರಮ ಹೆಚ್ಚುಕಮ್ಮಿ ಇದೇ. ಬೋಲ್ಟಿನ ತಲೆ, ಕ್ಲಿಪ್ಪಿನ ಆಕಾರ ಬದಲಾಗುತ್ತವೆ ಅಷ್ಟೆ.

ಮೊದಲು ಪಂಪು ನಿಜಕ್ಕೂ ಸತ್ತಿದೆಯಾ ನೋಡಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಬೆಡ್ ಎತ್ತುವುದು ಕಷ್ಟವಲ್ಲ. ಎತ್ತಿದ ಮೇಲೆ ಪಂಪು ಸರಿಯಾಗೇ ಇತ್ತು ಅಂತ ಗೊತ್ತಾಗುವುದು ಕಷ್ಟ. ಗುಡ್ಡ ಅಗೆದು ಇಲಿ ಹಿಡಿದರಂತೆ, ಹಾಗೆ.

ಕೀಲಿ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಚಕ್ರದ ಹತ್ತಿರ ಯಾರಾದರೂ ಕಿವಿಕೊಟ್ಟು ನಿಲ್ಲಲಿ. ಪಂಪು ಸರಿಯಿದ್ದರೆ ಒಂದೆರಡು ಸೆಕೆಂಡು ಸಣ್ಣಗೆ ಗುಂಯ್‌ಗುಟ್ಟಿ ನಿಲ್ಲುತ್ತದೆ. ಸದ್ದೇ ಇಲ್ಲವೇ? ಪಂಪನ್ನು ಬೈಯುವ ಮೊದಲು ಫ್ಯೂಸು, ರಿಲೇ ನೋಡಿ. ಆಮೇಲೆ ಪಕ್ಕದ ಸೀಟಿನ ಕಾಲಿನ ಬಳಿ, ಬಲಗಡೆಯ ಪ್ಲಾಸ್ಟಿಕ್ ಹಲಗೆಯ ಹಿಂದೆ ಇರುವ ಇನರ್ಶಿಯಾ ಸ್ವಿಚ್ ನೋಡಿ. ಗಾಡಿಗೆ ಜೋರಾಗಿ ಗುದ್ದು ಬಿದ್ದರೆ ಪೆಟ್ರೋಲ್ ನಿಲ್ಲಿಸಲಿ ಅಂತ ಇಟ್ಟದ್ದು. ಕೆಲವೊಮ್ಮೆ ದೊಡ್ಡ ಗುಂಡಿಗೆ ಬಿದ್ದರೂ, ಪಕ್ಕದಲ್ಲಿ ಕೂತವರ ಬೂಟು ತಾಗಿದರೂ ಅದರ ಗುಂಡಿ ಮೇಲೆದ್ದಿರುತ್ತದೆ. ಬೆರಳಲ್ಲಿ ಒತ್ತಿದರೆ ಮುಗಿಯಿತು.

ಇನ್ನೊಂದು ಅಡಗಿ ಕೂತ ಕಳ್ಳ ಇದೆ. ಈ ವರ್ಷಗಳ ಎಫ್-150ಯಲ್ಲಿ ಪಂಪಿಗೆ ಕರೆಂಟು ಕೊಡುವುದು ಫ್ಯೂಯೆಲ್ ಪಂಪ್ ಡ್ರೈವರ್ ಮಾಡ್ಯೂಲ್ ಅನ್ನುವ ಸಣ್ಣ ಪೆಟ್ಟಿಗೆ. ಅದು ಇರುವುದು ಸ್ಟೆಪ್ನಿ ಟಯರಿನ ಮೇಲ್ಗಡೆ, ಚಾಸಿಯ ಅಡ್ಡತೊಲೆಗೆ ಅಂಟಿಕೊಂಡು. ಪೆಟ್ಟಿಗೆಯ ಬೆನ್ನು ಅಲ್ಯೂಮಿನಿಯಂ, ತೊಲೆ ಉಕ್ಕು. ನಡುವೆ, ಹಿಮ ಕರಗಲೆಂದು ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ಬೆನ್ನು ತೂತಾಗಿ ನೀರು ಒಳಗಿಳಿಯುತ್ತದೆ. ಲಕ್ಷಣವೆಲ್ಲ ಪಂಪು ಹೋದಂತೆಯೇ. ಓಡುತ್ತಾ ಓಡುತ್ತಾ ನಿಲ್ಲುತ್ತದೆ, ಬಿಸಿಲಲ್ಲಿ ಸ್ಟಾರ್ಟ್ ಆಗದು, ಸಂಜೆಗೆ ಸರಿಹೋಗುತ್ತದೆ. ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ1233 ಅಂತ ಕಂಡರೆ ಮೊದಲು ಅನುಮಾನ ಬರಬೇಕಾದದ್ದು ಈ ಪೆಟ್ಟಿಗೆಯ ಮೇಲೆ. ಸ್ಟೆಪ್ನಿ ಇಳಿಸಿ, ಟಾರ್ಚ್ ಹಿಡಿದು ನೋಡಿದರೆ ಸಾಕು. ಬದಲಿಸುವುದಾದರೆ ತೊಲೆಗೆ ತಾಗದಂತೆ ಸಣ್ಣ ಗುಬುಟುಗಳಿರುವ ಹೊಸ ನಮೂನೆಯದನ್ನೇ ತನ್ನಿ. ಅರ್ಧ ಗಂಟೆಯ ಕೆಲಸ, ಬೆಡ್ಡಿನ ತಂಟೆಯೇ ಇಲ್ಲ.

ಇವೆಲ್ಲ ಸರಿಯಿದ್ದು, ಪಂಪಿನ ಕನೆಕ್ಟರಿನ ತನಕ ಕರೆಂಟು ಬರುತ್ತಿದ್ದು, ಪಂಪು ಮಾತ್ರ ಉಸಿರೆತ್ತುತ್ತಿಲ್ಲ ಅಂದರೆ ಮುಂದೆ ಓದಿ. ಪೆಟ್ರೋಲ್ ಗೇಜಿನ ಮುಳ್ಳು ಹುಚ್ಚುಹುಚ್ಚಾಗಿ ಕುಣಿಯುತ್ತಿದ್ದರೂ ಅಷ್ಟೆ. ಗೇಜಿನ ತೇಲುವ ಬುರುಡೆಯೂ ಅದೇ ಮುಚ್ಚಳದ ಕೆಳಗೇ ಇರುವುದು.

ಬೇಕಾದ ಸಾಮಾನು

ಬೆಡ್ಡಿನ ಬೋಲ್ಟುಗಳ ತಲೆ ನಕ್ಷತ್ರದ ಆಕಾರದ ಟಾರ್ಕ್ಸ್. ಗಾಡಿಯ ವರ್ಷ ನೋಡಿ ಟಿ-50 ಅಥವಾ ಟಿ-55 ಬೇಕಾಗುತ್ತದೆ. ಎರಡನ್ನೂ ತಂದಿಟ್ಟುಕೊಳ್ಳಿ. ಅಗ್ಗದ ಬಿಟ್ ಮಾತ್ರ ಬೇಡ, ಮೊದಲ ಏಟಿಗೇ ಹಪ್ಪಳದ ಹಾಗೆ ಮುರಿಯುತ್ತದೆ. ಅರ್ಧ ಇಂಚಿನ ಉದ್ದ ಹಿಡಿಯ ಬ್ರೇಕರ್ ಬಾರ್ ಬೇಕು. ಇಂಪ್ಯಾಕ್ಟ್ ಗನ್ ಇದ್ದರೆ ಇನ್ನೂ ಒಳ್ಳೆಯದು. ತುಕ್ಕು ಬಿಡಿಸುವ ಎಣ್ಣೆ, ತಂತಿ ಬ್ರಷ್ಷು, ಪೈಪಿನ ಕ್ಲಿಪ್ ಬಿಡಿಸುವ ಪ್ಲಾಸ್ಟಿಕ್ ಸಾಧನ, ಒಂದು ಹಿತ್ತಾಳೆ ಉಳಿ, ಸುತ್ತಿಗೆ, ಮಾಸ್ಕಿಂಗ್ ಟೇಪು, ಹಳೆಯ ರಟ್ಟು. ಬೆಡ್ ಕೂರಿಸಲು ನಾಲ್ಕು ಹಳೆಯ ಟಯರು ಇಲ್ಲವೇ ದಪ್ಪ ಮರದ ತುಂಡುಗಳು. ಪೆಟ್ರೋಲ್ ಬೆಂಕಿಗೆ ಆಗುವ ಎಬಿಸಿ ನಮೂನೆಯ ಅಗ್ನಿಶಾಮಕ. ಅದು ಕಾರ್ ಷೆಡ್ಡಿನ ಮೂಲೆಯಲ್ಲಲ್ಲ, ಕೈಗೆಟಕುವ ಜಾಗದಲ್ಲಿ ಇರಲಿ.

ಹೊಸ ಪಂಪಿನ ಜೊತೆಗೆ ಹೊಸ ಓ-ರಿಂಗ್, ಅಂದರೆ ಮುಚ್ಚಳ ಸೋರದಂತೆ ಹಿಡಿಯುವ ರಬ್ಬರ್ ಉಂಗುರ, ಬಂದಿದೆಯಾ ನೋಡಿ. ಪಂಪಿನ ಮುಚ್ಚಳ ಬಿಗಿಯುವ ಉಕ್ಕಿನ ಬಳೆ ತುಕ್ಕು ಹಿಡಿದಿರುವ ಸಂಭವ ಜಾಸ್ತಿ. ಅದನ್ನೂ ಒಂದು ತಂದಿಡಿ. ಬೆಡ್ಡಿನ ಬೋಲ್ಟುಗಳ ಹೊಸ ಸೆಟ್ಟೂ ಸಿಗುತ್ತದೆ, ನಟ್ಟಿನ ಕ್ಲಿಪ್ ಸಮೇತ. ಉಪ್ಪು ಸುರಿಯುವ ರಾಜ್ಯಗಳಲ್ಲಿ ಇರುವವರು ಯೋಚಿಸದೆ ಕೊಳ್ಳಿ.

ಭಾರಕ್ಕಿಂತ ಆವಿ ಅಪಾಯ

ಬೆಡ್ ನೋಡಿದರೆ ಭಯವಾಗುತ್ತದೆ, ಪೆಟ್ರೋಲ್ ನೋಡಿದರೆ ಆಗುವುದಿಲ್ಲ. ಉಲ್ಟಾ ಆಗಬೇಕಿತ್ತು.

ಪೆಟ್ರೋಲ್ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹಾರಿಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಬೆರೆತರೆ ಸಾಕು, ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಕಾರ್ ಷೆಡ್ಡಿನ ಮೂಲೆಯಲ್ಲೇ ನೀರು ಕಾಯಿಸುವ ಗ್ಯಾಸ್ ಹೀಟರ್ ಇರುತ್ತದೆ, ಅಡಿಯಲ್ಲಿ ಸಣ್ಣ ಜ್ವಾಲೆ ಉರಿಯುತ್ತಿರುತ್ತದೆ. ಆದ್ದರಿಂದ ಷೆಡ್ಡಿನೊಳಗೆ ಬೇಡ. ಹೊರಗೆ, ಮನೆ ಮುಂದಿನ ಸಮತಟ್ಟು ಕಾಂಕ್ರೀಟಿನ ಮೇಲೆ ಮಾಡಿ. ಪಕ್ಕದ ಮನೆಯವರು ಬಾರ್ಬೆಕ್ಯೂ ಹಚ್ಚಿಲ್ಲ ತಾನೇ, ಅದನ್ನೂ ಒಮ್ಮೆ ನೋಡಿ.

ಸ್ಥಾಯಿ ವಿದ್ಯುತ್ತಿನ ಕಿಡಿಯೂ ಸಾಕು. ಒಣ ಚಳಿಗಾಲದಲ್ಲಿ ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಅನ್ನುತ್ತದಲ್ಲ, ಅದೇ. ನೈಲಾನ್, ಪಾಲಿಯೆಸ್ಟರ್ ಜಾಕೆಟ್ ತೆಗೆದಿಟ್ಟು ಹತ್ತಿ ಬಟ್ಟೆ ಹಾಕಿಕೊಳ್ಳಿ. ಟ್ಯಾಂಕಿನ ಬಾಯಿ ತೆರೆಯುವ ಮೊದಲು ಚಾಸಿಯ ಬರಿ ಲೋಹವನ್ನು ಬರಿಗೈಲಿ ಮುಟ್ಟಿ. ಸಿಗರೇಟಿನ ವಿಷಯ ಹೇಳುವ ಅಗತ್ಯ ಇಲ್ಲ, ಆದರೂ ಹೇಳುತ್ತೇನೆ. ಬೇಡ.

ಟ್ಯಾಂಕು ಆದಷ್ಟು ಖಾಲಿ ಇರಲಿ. ಈ ಗಾಡಿಗಳಲ್ಲಿ ಬಹುಪಾಲಿಗೆ 26 ಅಥವಾ 30 ಗ್ಯಾಲನ್ನಿನ ಟ್ಯಾಂಕು. 30 ಗ್ಯಾಲನ್ ಅಂದರೆ ಸುಮಾರು 113 ಲೀಟರ್, ತುಂಬಿದ್ದರೆ ಪೆಟ್ರೋಲೇ 80 ಕೆಜಿ ಮೀರುತ್ತದೆ. ಬೆಡ್ ಎತ್ತುವವರಿಗೆ ಆ ಭಾರದ ತಲೆನೋವಿಲ್ಲ ನಿಜ, ಆದರೆ ಮುಚ್ಚಳ ತೆಗೆದಾಗ ಪೆಟ್ರೋಲ್ ಅಂಚಿನ ತನಕ ತುಳುಕುತ್ತಿದ್ದರೆ ಪಂಪು ಎತ್ತುವುದೇ ಗೋಳು. ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದರೆ ನೆಮ್ಮದಿ. ಪೈಪಿಗೆ ಬಾಯಿಟ್ಟು ಎಳೆಯುವ ಸಾಹಸ ಬೇಡವೇ ಬೇಡ. ಕೈಪಂಪು ಅಗ್ಗಕ್ಕೇ ಸಿಗುತ್ತದೆ. ಪೆಟ್ರೋಲಿಗೆಂದೇ ಮಾಡಿದ ಕೆಂಪು ಡಬ್ಬಿಗೆ ತುಂಬಿ. ತುಂಬುವಾಗ ಡಬ್ಬಿ ನೆಲದ ಮೇಲಿರಲಿ. ಬೆಡ್ಡಿನ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿದರೆ ಸ್ಥಾಯಿ ವಿದ್ಯುತ್ತು ನೆಲಕ್ಕಿಳಿಯಲು ದಾರಿಯಿಲ್ಲದೆ ಡಬ್ಬಿಯಲ್ಲೇ ಕೂಡುತ್ತದೆ, ಹಾಗೆ ಬೆಂಕಿ ಹತ್ತಿದ್ದಿದೆ.

ಹಿಂದಿನ ದಿನ ಸಂಜೆ

ಬೋಲ್ಟಿಗೆ ಎಣ್ಣೆ ಹಾಕುವುದು ಹಿಂದಿನ ದಿನದ ಕೆಲಸ. ಬೆಡ್ಡಿನ ಉದ್ದ ನೋಡಿ ಆರು ಅಥವಾ ಎಂಟು ಬೋಲ್ಟು ಇರುತ್ತವೆ. ಮೇಲಿನಿಂದ ತಲೆ ಕಾಣುತ್ತದೆ, ತುದಿ ಚಾಸಿಯ ಬ್ರಾಕೆಟ್ಟಿನ ನಟ್ಟಿಗೆ ಇಳಿದಿರುತ್ತದೆ. ಪ್ಲಾಸ್ಟಿಕ್ ಹಾಸಿದ್ದರೆ ಮೊದಲು ಅದನ್ನು ತೆಗೆಯಬೇಕು. ಸಿಂಪಡಿಸಿ ಅಂಟಿಸಿದ ಲೈನರ್ ಆದರೆ ಬೋಲ್ಟಿನ ತಲೆ ಅದರಡಿಯಲ್ಲಿ ಮುಚ್ಚಿಹೋಗಿರುತ್ತದೆ. ಬ್ಲೇಡಿನಿಂದ ಸುತ್ತ ಕೊಯ್ದು, ನಕ್ಷತ್ರದ ಪ್ರತಿ ಮೂಲೆಯನ್ನೂ ಮೊಳೆಯಿಂದ ಕೆರೆದು ಚೊಕ್ಕ ಮಾಡಿ.

ಇಲ್ಲಿ ತಾಳ್ಮೆ ಬೇಕು. ತಲೆಯ ತೂತಿನಲ್ಲಿ ಅಕ್ಕಿಕಾಳಿನಷ್ಟು ಮಣ್ಣು ಉಳಿದರೂ ಬಿಟ್ ಪೂರ್ತಿ ಕೆಳಗಿಳಿಯುವುದಿಲ್ಲ. ಅರ್ಧಕ್ಕೆ ಕೂತ ಬಿಟ್ ಮೇಲೆ ಬಲ ಹಾಕಿದರೆ ನಕ್ಷತ್ರ ಉರುಟಾಗುತ್ತದೆ, ಆಮೇಲೆ ದೇವರೇ ಗತಿ. ನಾನು ಮೊದಲ ಸಲ ಅವಸರ ಮಾಡಿ ಒಂದು ಬೋಲ್ಟಿನ ತಲೆ ಹಾಳು ಮಾಡಿಕೊಂಡೆ. ಉಳಿದ ಐದಕ್ಕೆ ಇಪ್ಪತ್ತು ನಿಮಿಷ, ಅದೊಂದಕ್ಕೇ ಎರಡು ಗಂಟೆ. ಬೋಲ್ಟು ಬಿಚ್ಚುವ ದಿಕ್ಕಿಗೇ ತಿರುಗಿ ಕೊರೆಯುವ ಎಡಗೈ ಡ್ರಿಲ್ ಬಿಟ್ ತರಲು ಅಂಗಡಿಗೆ ಹೋಗಿ ಬಂದದ್ದು ಲೆಕ್ಕಕ್ಕಿಲ್ಲ.

ಚೊಕ್ಕವಾದ ಮೇಲೆ ಕೆಳಗಿನಿಂದ ಬೋಲ್ಟಿನ ತುದಿ ಕಾಣುವ ಕಡೆಯೆಲ್ಲ ತಂತಿ ಬ್ರಷ್ಷು ಉಜ್ಜಿ ಎಣ್ಣೆ ಹೊಡೆಯಿರಿ. ಮಲಗುವ ಮೊದಲು ಇನ್ನೊಂದು ಸಲ. ಬೆಳಗ್ಗೆ ಮತ್ತೊಂದು ಸಲ. ಅಷ್ಟಾದರೂ ಜಗ್ಗದಿದ್ದರೆ ಗ್ಯಾಸ್ ಟಾರ್ಚಿನಲ್ಲಿ ಬಿಸಿ ಮಾಡುವ ಯೋಚನೆ ಬರಬಹುದು. ಗ್ಯಾರೇಜಿನಲ್ಲಿ ಬೇರೆ ಬೋಲ್ಟಿಗೆ ಅದು ಸರಿ. ಪೆಟ್ರೋಲ್ ಟ್ಯಾಂಕಿನ ಮೇಲೆ ಅಲ್ಲ. ಗ್ರೈಂಡರೂ ಅಷ್ಟೆ.

ಒತ್ತಡ ಇಳಿಸಿ, ಆಮೇಲೆ ಬ್ಯಾಟರಿ

ಇಂಜಿನ್ ನಿಂತ ಮೇಲೂ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ. ಹಾಗೇ ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ. ಪಂಪು ಇನ್ನೂ ಅರೆಜೀವ ಇದ್ದರೆ ಇನರ್ಶಿಯಾ ಸ್ವಿಚ್ಚಿನ ಕನೆಕ್ಟರ್ ಕಿತ್ತು ಗಾಡಿ ಸ್ಟಾರ್ಟ್ ಮಾಡಿ. ಕೆಲವು ಕ್ಷಣ ಓಡಿ ಕೆಮ್ಮಿ ನಿಲ್ಲುತ್ತದೆ. ಇನ್ನೊಂದೆರಡು ಸಲ ಕ್ರ್ಯಾಂಕ್ ಮಾಡಿ. ಪಂಪು ಪೂರ್ತಿ ಸತ್ತಿದ್ದರೆ ಒತ್ತಡ ಹೇಗೂ ಕಡಿಮೆ, ಆದರೂ ಪೈಪು ಬಿಚ್ಚುವಾಗ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡೇ ಬಿಚ್ಚಿ. ಟ್ಯಾಂಕಿನ ಬಿರಡೆಯನ್ನೂ ಒಮ್ಮೆ ಸಡಿಲಿಸಿ ಮತ್ತೆ ಮುಚ್ಚಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುವ ಮೊದಲು ಒಂದು ನಿಮಿಷ ನಿಲ್ಲಿ. ಬೆಡ್ಡನ್ನು ಮೇಲೆತ್ತಿ ಹಿಡಿದು ಗಾಡಿಯನ್ನೇ ಮುಂದಕ್ಕೆ ತಳ್ಳುವ ಯೋಚನೆ ಇದ್ದರೆ ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು. ಆಟೋಮ್ಯಾಟಿಕ್ ಗಾಡಿಯಲ್ಲಿ ಕರೆಂಟಿಲ್ಲದಿದ್ದರೆ ಗೇರ್ ಕಡ್ಡಿ ಪಾರ್ಕ್ ಬಿಟ್ಟು ಸುಲಭಕ್ಕೆ ಅಲುಗದು. ನಾಲ್ಕು ಜನ ಬೆಡ್ ಹಿಡಿದು ನಿಂತಾಗ ಇದು ನೆನಪಾಗಬಾರದು. ಮೊದಲೇ ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಹಾಕಿ, ನಾಲ್ಕೂ ಚಕ್ರಕ್ಕೆ ಕಟ್ಟೆ ಕೊಟ್ಟು, ಆಮೇಲೆ ಬ್ಯಾಟರಿ ಬಿಚ್ಚಿ.

ಬೆಡ್ಡಿಗೂ ಗಾಡಿಗೂ ಇರುವ ನಂಟು

ಬೋಲ್ಟಿನ ಹೊರತು ಬೆಡ್ಡನ್ನು ಗಾಡಿಗೆ ಕಟ್ಟಿಹಾಕಿದ್ದು ಮೂರು. ಟೈಲ್‌ಗೇಟಿನದು, ಲೈಟಿನದು, ಪೆಟ್ರೋಲ್ ತುಂಬುವ ಕೊಳವೆಯದು.

ಟೈಲ್‌ಗೇಟ್ ಮೊದಲು ತೆಗೆದಿಡಿ, ಎತ್ತುವವರಿಗೆ ಅಷ್ಟು ಭಾರ ಕಡಿಮೆ. ಅರ್ಧ ತೆರೆದು ಎರಡೂ ಬದಿಯ ಕೇಬಲ್ ಬಿಡಿಸಿ, ಕೀಲಿನಲ್ಲಿ ಕಚ್ಚು ಇರುವ ಬದಿಯನ್ನು ಮೊದಲು ಮೇಲೆತ್ತಿ, ಇನ್ನೊಂದು ಬದಿಯನ್ನು ಜಾರಿಸಿ. ಹೊಸ ಗಾಡಿಗಳಲ್ಲಿ ಇದರೊಳಗೆ ಕ್ಯಾಮೆರಾದ ವೈರು ಇರುತ್ತದೆ, ಎಳೆದು ಹರಿಯಬೇಡಿ.

ಹಿಂದಿನ ಲೈಟುಗಳಿಗೆ ಬದಿಗೆ ಎರಡೆರಡು ಸ್ಕ್ರೂ. ಬಿಚ್ಚಿ, ಲೈಟನ್ನು ನೇರ ಹಿಂದಕ್ಕೆ ಎಳೆದರೆ ಬರುತ್ತದೆ. ಬಲ್ಬಿನ ಹೋಲ್ಡರು ತಿರುಗಿಸಿ ತೆಗೆದು ವೈರುಗಳನ್ನು ಬೆಡ್ಡಿನ ತೂತಿನಿಂದ ಕೆಳಕ್ಕೆ ಇಳಿಬಿಡಿ. ಬೆಡ್ಡಿನ ಅಡಿಯಲ್ಲಿ ಮುಖ್ಯ ಕನೆಕ್ಟರ್ ಕೈಗೆ ಸಿಕ್ಕರೆ ಅದನ್ನೇ ಬಿಚ್ಚಬಹುದು, ಲೈಟು ಹಾಗೇ ಇರಲಿ. ನಂಬರ್ ಪ್ಲೇಟಿನ ದೀಪ ಬಂಪರಿನಲ್ಲಿದೆ, ಬಂಪರು ಚಾಸಿಗೆ ಸೇರಿದ್ದು. ಅದನ್ನು ಮುಟ್ಟುವ ಕೆಲಸ ಇಲ್ಲ. ಎಲ್ಲ ಆದ ಮೇಲೆ ಬೆಡ್ಡಿನ ಅಡಿಗೆ ಟಾರ್ಚ್ ಬಿಟ್ಟು ಒಂದು ಸುತ್ತು ನೋಡಿ. ಯಾವುದಾದರೂ ಕ್ಲಿಪ್ಪು, ಅರ್ಥ್ ವೈರು ಉಳಿದಿದೆಯಾ?

ಮೂರನೆಯದೇ ಎಲ್ಲರೂ ಮರೆಯುವುದು. ಪೆಟ್ರೋಲ್ ತುಂಬುವ ಪುಟ್ಟ ಬಾಗಿಲು ತೆರೆದರೆ ಬಿರಡೆಯ ಸುತ್ತ ಕೊಳವೆಯ ಬಾಯನ್ನು ಬೆಡ್ಡಿಗೆ ಹಿಡಿದ ಸ್ಕ್ರೂಗಳು ಕಾಣುತ್ತವೆ. ಅವನ್ನು ತೆಗೆದು ಕೊಳವೆಯನ್ನು ಒಳಕ್ಕೆ ತಳ್ಳಿ, ಬಾಯಿಗೆ ಬಿರಡೆ ಮತ್ತೆ ಹಾಕಿ, ಚಾಸಿಯ ಮೇಲೆ ಒರಗಿಸಿ. ಕೊಳವೆಯಿಂದ ಬಾಡಿಗೆ ಸಣ್ಣ ಅರ್ಥ್ ತಂತಿ ಇದ್ದರೆ ಅದನ್ನು ಎಲ್ಲಿಂದ ಬಿಚ್ಚಿದಿರಿ ಅಂತ ಫೋನಿನಲ್ಲಿ ಫೋಟೊ ತೆಗೆದಿಡಿ. ವಾಪಸ್ ಹಾಕಲೇಬೇಕು. ಬಂಕಿನಲ್ಲಿ ಪೆಟ್ರೋಲ್ ತುಂಬುವಾಗ ಕೂಡುವ ಸ್ಥಾಯಿ ವಿದ್ಯುತ್ತು ಇಳಿಯಲಿ ಅಂತ ಅದು ಇರುವುದು.

ನಮ್ಮ ಮೊದಲ ಪ್ರಯತ್ನದಲ್ಲಿ ಈ ಸ್ಕ್ರೂಗಳನ್ನು ಮರೆತಿದ್ದು ನಾನೇ. "ಒಂದು, ಎರಡು, ಮೂರು" ಅಂತ ಬೆಡ್ ಎತ್ತಿದೆವು. ಮೂರು ಮೂಲೆ ಎದ್ದಿತು, ಎಡಗಡೆ ಕಿರ್ರ್ ಅಂತ ಸದ್ದು. "ಏ, ಇಳ್ಸೋ ಇಳ್ಸೋ, ಏನೋ ಹಿಡ್ಕೊಂಡಿದೆ!" ಅಂತ ಗೆಳೆಯ ಕೂಗಿದ. ಪುಣ್ಯಕ್ಕೆ ಕೊಳವೆ ಒಡೆಯಲಿಲ್ಲ. ಅವತ್ತಿನಿಂದ ಬೆಡ್ ಎತ್ತುವ ಮೊದಲು ಎಲ್ಲ ಮೂಲೆಯನ್ನೂ ಬರೀ ಎರಡು ಇಂಚು ಎತ್ತಿ, ಹಿಡಿದು ನಿಂತು, ಒಬ್ಬರು ಬಗ್ಗಿ ಅಡಿಯೆಲ್ಲ ನೋಡಿದ ಮೇಲೇ ಮುಂದಿನ ಎಣಿಕೆ.

ಬೋಲ್ಟು ಬಿಚ್ಚುವ ಹೊತ್ತು

ಬಿಚ್ಚುವ ಮೊದಲು ಪ್ರತಿ ಬೋಲ್ಟಿನ ಸುತ್ತ ಪೇಂಟಿನಲ್ಲೋ ಮಾರ್ಕರಿನಲ್ಲೋ ಗುರುತು ಹಾಕಿ. ಕ್ಯಾಬಿಗೂ ಬೆಡ್ಡಿಗೂ ನಡುವಿನ ಸಂದಿಯನ್ನು ಎರಡೂ ಬದಿ ಅಳೆದು ಟೇಪಿನ ಮೇಲೆ ಬರೆದಿಡಿ. ವಾಪಸ್ ಕೂರಿಸುವಾಗ ಇದರ ಬೆಲೆ ತಿಳಿಯುತ್ತದೆ. ಕ್ಯಾಬಿನ ಹಿಂದಿನ ಗಾಜಿಗೆ, ಮೂಲೆಗಳಿಗೆ ರಟ್ಟು ಅಂಟಿಸಿ.

ಬಿಟ್ಟನ್ನು ತೂತಿನಲ್ಲಿ ಇಟ್ಟು ಸುತ್ತಿಗೆಯಿಂದ ಎರಡು ಏಟು ಕೊಡಿ. ಬಿಟ್ ತಳ ಮುಟ್ಟುತ್ತದೆ, ತುಕ್ಕಿನ ಹಿಡಿತವೂ ಒಂದಿಷ್ಟು ಬಿರಿಯುತ್ತದೆ. ಬಿಟ್ ಸಡಿಲವಾಗಿ ಅಲ್ಲಾಡಿದರೆ ಅಳತೆ ತಪ್ಪಿದೆ, ದೊಡ್ಡದನ್ನು ಹಾಕಿ ನೋಡಿ. ಈಗ ಬ್ರೇಕರ್ ಬಾರಿನ ಮೇಲೆ ಮೈಭಾರ ನಿಧಾನಕ್ಕೆ ಬಿಡಿ. ಜರ್ಕ್ ಕೊಡಬೇಡಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಟಕ್ ಅಂತ ಪಟಾಕಿ ಸಿಡಿದಂತೆ ಸದ್ದು. ಎದೆ ಧಸಕ್ಕೆನ್ನುತ್ತದೆ, ಮುರಿದುಹೋಯಿತೋ ಬಿಟ್ಟುಕೊಂಡಿತೋ ಗೊತ್ತಾಗುವುದಿಲ್ಲ. ಕಾಲು ಸುತ್ತು ತಿರುಗಿಸಿ ನೋಡಿ. ಬಿಗಿ ಉಳಿದು ನಿಧಾನಕ್ಕೆ ತಿರುಗಿದರೆ ಬಿಟ್ಟುಕೊಂಡಿದೆ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ಬಿಗಿದು, ಮತ್ತೆ ಎಣ್ಣೆ. ಹೀಗೆ ಹಿಂದೆ ಮುಂದೆ ಮಾಡಿದರೆ ಥ್ರೆಡ್ಡಿನ ತುಕ್ಕು ಪುಡಿಯಾಗಿ ಉದುರುತ್ತದೆ.

ಬೋಲ್ಟು ತಿರುಗುತ್ತದೆ, ಮೇಲೆ ಬರುತ್ತಿಲ್ಲ ಅಂದರೆ ಕೆಳಗಿನ ನಟ್ಟೂ ಜೊತೆಗೇ ತಿರುಗುತ್ತಿದೆ. ಕೆಳಗೆ ಒಬ್ಬರು ವೈಸ್ ಗ್ರಿಪ್‌ನಿಂದ ನಟ್ಟು ಹಿಡಿಯಲಿ. ಅವರ ಕೈ ಬೆಡ್ಡಿಗೂ ಚಾಸಿಗೂ ನಡುವೆ ಸಿಗಬಾರದು, ಉಳಿದ ಬೋಲ್ಟು ಇನ್ನೂ ಇರುವಾಗಲೇ ಈ ಕೆಲಸ ಮುಗಿಸಿ.

ಎತ್ತುವುದು

ಈ ಗಾಡಿಗಳ ಉಕ್ಕಿನ ಬೆಡ್ಡು, ಟೈಲ್‌ಗೇಟ್ ಬಿಟ್ಟು, ಸುಮಾರು 150 ಕೆಜಿ ಅಂತ ಲೆಕ್ಕ ಹಿಡಿಯಿರಿ. ಎಂಟು ಅಡಿಯ ಉದ್ದದ್ದು ಇನ್ನೂ ಭಾರ. 2015ರಿಂದ ಈಚಿನ ಎಫ್-150ಗೆ ಅಲ್ಯೂಮಿನಿಯಂ ಬಾಡಿ, ಅದು ಹಗುರ. ನಾಲ್ಕು ಜನ ಗಟ್ಟಿಗರು ಸಾಕು, ಆರು ಜನ ಇದ್ದರೆ ಮಾತಾಡಿಕೊಂಡು ಎತ್ತಬಹುದು. ಟೈಲ್‌ಗೇಟ್ ತೆಗೆದ ಮೇಲೆ ಭಾರವೆಲ್ಲ ಕ್ಯಾಬಿನ ಕಡೆಯ ಗೋಡೆಯತ್ತ. ಗಟ್ಟಿಗರು ಮುಂದಿನ ಮೂಲೆಗಳಲ್ಲಿ ನಿಲ್ಲಲಿ. ತಗಡಿನ ಅಂಚು ಚೂಪಾಗಿರುತ್ತದೆ, ಚರ್ಮದ ಕೈಗವಸು ಹಾಕಿ.

ಜನ ಎಲ್ಲಿ ಸಿಗುತ್ತಾರೆ ಅಂತೀರಾ? ನಮ್ಮ ಮಿಷಿಗನ್ನಿನಲ್ಲಿ ಶನಿವಾರ ಬೆಳಗ್ಗೆ "ಬಿಸಿಬೇಳೆಬಾತು, ಖಾರಾಬೂಂದಿ ಇದೆ, ಬನ್ನಿ" ಅಂದರೆ ಸಾಕು. ಕೆಲಸದ ವಿಷಯ ಬಂದ ಮೇಲೆ ಹೇಳಿದರಾಯಿತು. ಸೊಂಟನೋವು ಇರುವವರನ್ನು ಎಣಿಸುವ ಕೆಲಸಕ್ಕೆ ನಿಲ್ಲಿಸಿ. ತೇರು ಎಳೆಯುವಾಗ ಕೂಗುವವನು ಒಬ್ಬನೇ ಇರುತ್ತಾನಲ್ಲ, ಇಲ್ಲೂ ಹಾಗೆ. ಒಬ್ಬರದೇ ದನಿ, ಅವರು ಹೇಳಿದಾಗಲೇ ಎತ್ತುವುದು, ಇಳಿಸುವುದು.

ಬೆಡ್ ಹೊತ್ತು ಹಿಂದಕ್ಕೆ ನಡೆಯುವುದಕ್ಕಿಂತ ಎತ್ತಿ ಹಿಡಿದು ನಿಂತು, ಐದನೆಯವರು ಗಾಡಿಯನ್ನು ಮುಂದಕ್ಕೆ ತಳ್ಳುವುದು ಸುಲಭ. ಅದಕ್ಕೇ ನ್ಯೂಟ್ರಲ್ ಅಂದಿದ್ದು. ತಳ್ಳಲು ನೆಲ ಪೂರ್ತಿ ಸಮತಟ್ಟಾಗಿರಬೇಕು, ಒಬ್ಬರು ಒಳಗೆ ಬ್ರೇಕ್ ಮೇಲೆ ಕಾಲಿಟ್ಟು ಕೂತಿರಬೇಕು, ಅವರು ಕೂತ ಮೇಲೇ ಚಕ್ರದ ಕಟ್ಟೆ, ಪಾರ್ಕಿಂಗ್ ಬ್ರೇಕ್ ತೆಗೆಯುವುದು. ಇಂಜಿನ್ ಇಲ್ಲದೆ ಬ್ರೇಕ್ ಗಟ್ಟಿಯಾಗಿರುತ್ತದೆ, ಬಲವಾಗಿ ಒತ್ತಬೇಕು. ಇಳಿಜಾರು ಇದ್ದರೆ ಈ ಉಪಾಯ ಬಿಟ್ಟು ಬೆಡ್ಡನ್ನೇ ಹಿಂದಕ್ಕೆ ಹೊತ್ತು ಟಯರುಗಳ ಮೇಲೆ ಕೂರಿಸಿ.

ಜನ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಒಂದು ಬದಿಯ ಬೋಲ್ಟುಗಳನ್ನು ಪೂರ್ತಿ ತೆಗೆದು, ಇನ್ನೊಂದು ಬದಿಯವನ್ನು ಸಡಿಲಿಸಿ, ಟ್ಯಾಂಕು ಇರುವ ಡ್ರೈವರ್ ಬದಿಯನ್ನು ಮೇಲೆತ್ತಿ ಓರೆ ಮಾಡುವುದು. ಮೇಲೆತ್ತಿದ ಬದಿಗೆ ದಪ್ಪ ಮರದ ಕಂಬಗಳನ್ನು ಎರಡು ಕಡೆ ಊರಿ, ಬೆಲ್ಟಿನಿಂದ ಚಾಸಿಗೆ ಬಿಗಿಯಬೇಕು. ಬರಿ ಜಾಕಿನ ಮೇಲೆ ನಿಂತ ಬೆಡ್ಡಿನ ಕೆಳಗೆ ತಲೆ ಹಾಕಬೇಡಿ. ನನಗಂತೂ ಈ ವಿಧಾನ ಒಗ್ಗಲಿಲ್ಲ. ಕೆಲಸದುದ್ದಕ್ಕೂ ತಲೆಯ ಮೇಲೆ ಕತ್ತಿ ತೂಗಿದ ಹಾಗೆ ಇರುತ್ತದೆ.

ಪಂಪು ಬದಲಿಸುವುದು

ಬೆಡ್ ಹೋದ ಮೇಲೆ ಟ್ಯಾಂಕಿನ ನೆತ್ತಿ ಕಾಣುತ್ತದೆ. ವರ್ಷಗಟ್ಟಲೆ ಕೂತ ಮಣ್ಣು, ಎಲೆ, ಒಮ್ಮೊಮ್ಮೆ ಇಲಿ ಗೂಡು. ಮುಚ್ಚಳ ಬಿಚ್ಚುವ ಮೊದಲು ಎಲ್ಲ ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ತರಬೇಡಿ, ಅದರ ಮೋಟಾರಿನಲ್ಲಿ ಕಿಡಿ ಹಾರುತ್ತದೆ. ಟ್ಯಾಂಕಿನೊಳಗೆ ಬಿದ್ದ ಚಿಟಿಕೆ ಮರಳು ಹೊಸ ಪಂಪಿನ ಬಾಯಿಗೇ ಹೋಗುವುದು.

ಪೈಪಿನ ತುದಿಗಳು ಒತ್ತಿದರೆ ಬಿಡುವ ಕ್ಲಿಪ್ಪಿನವು. ಜೋರಾಗಿ ಎಳೆಯುವ ಬದಲು ಮೊದಲು ಒಳಕ್ಕೆ ತಳ್ಳಿ, ಕ್ಲಿಪ್ ಬಿಡಿಸಿ, ಆಮೇಲೆ ಹೊರಕ್ಕೆ ಎಳೆಯಿರಿ. ಪ್ಲಾಸ್ಟಿಕ್ಕು ವಯಸ್ಸಾಗಿ ಗಟ್ಟಿಯಾಗಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮುರಿಯುತ್ತದೆ. ಕನೆಕ್ಟರ್ ಬಿಚ್ಚಿ ಪಕ್ಕಕ್ಕೆ ಕಟ್ಟಿ.

ಪಂಪಿನ ಮುಚ್ಚಳವನ್ನು ಒಂದು ಬಳೆ ಒತ್ತಿ ಹಿಡಿದಿರುತ್ತದೆ. ಅದರ ಕಿವಿಗೆ ಹಿತ್ತಾಳೆ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಅಪ್ರದಕ್ಷಿಣೆಯಾಗಿ ಬಡಿಯಿರಿ. ಒಂದೇ ಕಡೆ ಬಡಿದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ, ಸುತ್ತಲೂ ಬದಲಿಸಿ ಬಡಿಯಬೇಕು. ಹಿತ್ತಾಳೆಯೇ ಯಾಕೆ ಅಂದರೆ ಉಕ್ಕಿಗೆ ಉಕ್ಕು ತಾಗಿದರೆ ಕಿಡಿ ಏಳುತ್ತದೆ. ಈ ಹಂತದಿಂದ ಮುಂದೆ ಇಂಪ್ಯಾಕ್ಟ್ ಗನ್ನು, ಉರಿಯುವ ಬಲ್ಬಿನ ಕೈದೀಪ ಎಲ್ಲ ದೂರ.

ಬಳೆ ಬಂದ ಮೇಲೆ ಮುಚ್ಚಳದ ಮೇಲಿನ ಬಾಣದ ಗುರುತು ಯಾವ ಕಡೆ ಇದೆ ಅಂತ ಫೋಟೊ ತೆಗೆಯಿರಿ. ಪಂಪನ್ನು ನೇರ ಮೇಲಕ್ಕೆ ಎಳೆಯಲು ಹೋದರೆ ತೇಲುವ ಬುರುಡೆಯ ಕಡ್ಡಿ ಅಂಚಿಗೆ ಸಿಗುತ್ತದೆ. ಸ್ವಲ್ಪ ಎತ್ತಿ, ಓರೆ ಮಾಡಿ, ಮಗುವಿನ ಕೈಯನ್ನು ಅಂಗಿಯ ತೋಳಿನಿಂದ ಬಿಡಿಸುವ ಹಾಗೆ ಬಿಡಿಸಿ. ಪಂಪಿನ ಬುಡದಲ್ಲಿ ಒಂದೆರಡು ಲೋಟ ಪೆಟ್ರೋಲ್ ಉಳಿದಿರುತ್ತದೆ, ಕೆಳಗೆ ಬಾಣಲೆ ಹಿಡಿಯಿರಿ. ಟ್ಯಾಂಕಿನ ತಳದಲ್ಲಿ ಕಸ, ತುಕ್ಕಿನ ಬಣ್ಣದ ನೀರು ಕಂಡರೆ ಈಗಲೇ ತೆಗೆದುಬಿಡಿ.

ಹಳೆಯ ಓ-ರಿಂಗ್ ನೋಡಲು ಚೆನ್ನಾಗೇ ಕಾಣುತ್ತದೆ. ಆದರೂ ಎಸೆಯಿರಿ. ಕುಕ್ಕರಿನ ಹಳೆ ಗ್ಯಾಸ್ಕೆಟ್ಟಿನ ಕಥೆಯೇ ಇದು. ಕೂರುತ್ತದೆ, ಆದರೆ ಹಿಡಿಯುವುದಿಲ್ಲ. ಅದು ಕೂರುವ ತೋಡನ್ನು ಒರೆಸಿ ಹೊಸದನ್ನು ಇಟ್ಟು, ಹೊಸ ಪಂಪನ್ನು ಅದೇ ಓರೆಯಲ್ಲಿ ಇಳಿಸಿ, ಬಾಣ ಮೊದಲಿನ ದಿಕ್ಕಿಗೇ ನಿಲ್ಲಿಸಿ, ಬಳೆಯನ್ನು ತಡೆ ಸಿಗುವ ತನಕ ತಿರುಗಿಸಿ. ಪೈಪುಗಳು ಕ್ಲಿಕ್ ಅಂದ ಮೇಲೆ ಒಂದು ಸಲ ಹಿಂದಕ್ಕೆ ಎಳೆದು ನೋಡಿ.

ಬೆಡ್ ಇಡುವ ಮೊದಲು ಪರೀಕ್ಷೆ. ಬೆಡ್ ಬಿಗಿದ ಮೇಲೆ ಸೋರಿಕೆ ಕಂಡರೆ ಗೆಳೆಯರು ಎರಡನೇ ಬಾರಿ ಬಿಸಿಬೇಳೆಬಾತಿಗೆ ಬಗ್ಗುವುದಿಲ್ಲ. ಸುತ್ತ ಚೆಲ್ಲಿದ್ದೆಲ್ಲ ಒರೆಸಿ, ಆವಿ ಆರಲು ಬಿಡಿ, ಇನರ್ಶಿಯಾ ಸ್ವಿಚ್ ಸಿಕ್ಕಿಸಿ, ಬ್ಯಾಟರಿ ಜೋಡಿಸಿ. ಸ್ಟಾರ್ಟ್ ಮಾಡದೆ ಕೀಲಿಯನ್ನು ನಾಲ್ಕು ಸಲ ಆನ್, ಆಫ್. ಪ್ರತಿ ಸಲವೂ ಗುಂಯ್ ಕೇಳಬೇಕು. ಪೈಪಿನ ಪ್ರತಿ ಸಂದಿಗೂ ಒಣ ಕಾಗದ ಸವರಿ ಒದ್ದೆಯಾಗುತ್ತದಾ ನೋಡಿ. ಆಮೇಲೆ ಗೇರ್ ಪಾರ್ಕ್‌ಗೆ ಹಾಕಿ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಲಿ.

ಬೆಡ್ ಇಲ್ಲದ ಹೊತ್ತಲ್ಲಿ

ಆ ಹತ್ತು ನಿಮಿಷ ಸುಮ್ನೆ ನಿಲ್ಲಬೇಡಿ. ಮತ್ತೆ ಈ ಜಾಗ ಕಣ್ಣಿಗೆ ಬೀಳುವುದು ಯಾವ ಕಾಲಕ್ಕೋ. ಚಾಸಿಯ ಉದ್ದಕ್ಕೂ ಹೋಗುವ ಬ್ರೇಕ್ ಪೈಪು ತುಕ್ಕು ಹಿಡಿದು ಹೊಪ್ಪಳೆ ಎದ್ದಿದೆಯಾ ಬೆರಳಾಡಿಸಿ ನೋಡಿ. ಟ್ಯಾಂಕು ಹೊತ್ತ ಉಕ್ಕಿನ ಪಟ್ಟಿಗಳನ್ನಂತೂ ನೋಡಲೇಬೇಕು. 2011ರಲ್ಲಿ ಫೋರ್ಡ್ ಸುಮಾರು 11 ಲಕ್ಷ ಹಳೆಯ ಪಿಕಪ್‌ಗಳನ್ನು ವಾಪಸ್ ಕರೆಸಿತ್ತು. ರಸ್ತೆಗೆ ಉಪ್ಪು ಹಾಕುವ ರಾಜ್ಯಗಳಲ್ಲಿ ಈ ಪಟ್ಟಿಗಳು ತುಕ್ಕು ತಿಂದು ತುಂಡಾಗಿ ಟ್ಯಾಂಕು ಕೆಳಗೆ ಜೋತು ಬೀಳುವ ಅಪಾಯ ಇತ್ತು. ಅದು ನಮ್ಮ ಉದಾಹರಣೆಗಿಂತ ಹಿಂದಿನ ಗಾಡಿಗಳದ್ದು, ಆದರೆ ಉಪ್ಪಿಗೆ ವರ್ಷದ ಲೆಕ್ಕ ಇಲ್ಲ. ಸ್ಟೆಪ್ನಿಯ ಮೇಲಿನ ಆ ಡ್ರೈವರ್ ಮಾಡ್ಯೂಲನ್ನೂ ಇನ್ನೊಮ್ಮೆ ನೋಡಿ.

ವಾಪಸ್ ಕೂರಿಸುವುದು

ಬಂದ ದಾರಿಯಲ್ಲೇ ಹಿಂದಕ್ಕೆ. ಬೆಡ್ ಇಳಿಸುವಾಗ ಒಬ್ಬರು ಪೆಟ್ರೋಲ್ ಕೊಳವೆಯನ್ನು, ಲೈಟಿನ ವೈರನ್ನು ಕಾಯುತ್ತಿರಲಿ, ಅಡಿಗೆ ಸಿಕ್ಕಿ ಜಜ್ಜಿಹೋಗುವುದು ಇಲ್ಲೇ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ. ಒಂದನ್ನೇ ಪೂರ್ತಿ ಬಿಗಿದರೆ ಉಳಿದವುಗಳ ತೂತು ಹೊಂದುವುದಿಲ್ಲ. ಕ್ಯಾಬಿನ ಸಂದಿ ಬರೆದಿಟ್ಟ ಅಳತೆಗೆ ಬಂದ ಮೇಲೆ, ಗಾಡಿಯ ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಥ್ರೆಡ್ಡು ತುಕ್ಕು ಹಿಡಿದು ಕಚ್ಚಿಕೊಳ್ಳದಂತೆ ಆಂಟಿ-ಸೀಜ್ ಅನ್ನುವ ಲೇಪ ಸವರುವವರು ಸ್ವಲ್ಪ ಕಡಿಮೆ ಬಲ ಹಾಕಬೇಕು, ಜಾರುವ ಥ್ರೆಡ್ಡು ಅದೇ ಟಾರ್ಕಿಗೆ ಜಾಸ್ತಿ ಬಿಗಿಯುತ್ತದೆ.

ಕೊಳವೆಯ ಸ್ಕ್ರೂ, ಅರ್ಥ್ ತಂತಿ, ಲೈಟು, ಟೈಲ್‌ಗೇಟ್. ಬ್ರೇಕ್ ದೀಪ, ಎರಡೂ ಇಂಡಿಕೇಟರ್, ರಿವರ್ಸ್ ದೀಪ ಒಬ್ಬರನ್ನು ಹಿಂದೆ ನಿಲ್ಲಿಸಿ ನೋಡಿಸಿ. ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿ, ಕೊಳವೆಯ ಅಡಿಗೆ ಬಗ್ಗಿ ತೊಟ್ಟಿಕ್ಕುತ್ತಿದೆಯಾ ನೋಡಿ. ಗೇಜಿನ ಮುಳ್ಳು ಮೇಲಕ್ಕೆ ಹೋಗಬೇಕು. ಒಂದೆರಡು ದಿನದಲ್ಲಿ ಇಂಜಿನ್ ದೀಪ ಹತ್ತಿ ಪಿ0455 ಅಥವಾ ಪಿ0457 ಅಂತ ಬಂದರೆ ಗಾಬರಿ ಬೇಡ. ಆವಿ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮೊದಲು ಬಿರಡೆ ಕ್ಲಿಕ್ ಆಗುವ ತನಕ ತಿರುಗಿಸಿ. ಆದರೂ ಹೋಗದಿದ್ದರೆ ಟ್ಯಾಂಕಿನ ಮೇಲಿನ ಸಣ್ಣ ಆವಿ ಪೈಪು ಸರಿಯಾಗಿ ಕೂತಿಲ್ಲ. ಬೆಡ್ ಎತ್ತಬೇಕಿಲ್ಲ, ಎಡ ಹಿಂಚಕ್ರದ ಒಳಗಿಂದ ಕೈ ಚಾಚಿದರೆ ಎಷ್ಟೋ ಸಲ ಸಿಗುತ್ತದೆ. ಉದ್ದ ಕೈಯಿನ ಗೆಳೆಯನೊಬ್ಬ ಇದ್ದರೆ ಕರೆಯಿರಿ.